ನನ್ನ ಹೆಸರಿನ ಊರಲ್ಲಿ ಚಹಾ

ನನ್ನ ಹೆಸರು ಸೆತ್ ಓಲ್ಡಮ್. ಹತ್ತಿ ಗಿರಣಿಗಳ ಓಲ್ಡಮ್ ಪಟ್ಟಣಕ್ಕೆ ಹೆಸರು ಕೊಟ್ಟದ್ದು ನಮ್ಮ ವಂಶವೇ ಎಂದು ಕೋಲ್ನ್ ಊರಿನ ನಮ್ಮ ಮನೆಯಲ್ಲಿ ಕುಳಿತು ಮೊಮ್ಮಕ್ಕಳಿಗೆ ನೂರು ಸಲ ಹೇಳಿದ್ದೇನೆ. (ನಮ್ಮ ಮೂಲಪುರುಷ ಬೆಟ್ಟದ ಮೇಲೆ ಸೀನಿದ, ಆ ರಭಸಕ್ಕೆ ಮೊದಲ ಗಿರಣಿ ತಾನಾಗಿ ತಿರುಗಿತು. ಇದರಲ್ಲಿ ಅರ್ಧ ನಿಜ. ಯಾವ ಅರ್ಧವೆಂದು ಮರೆತಿದ್ದೇನೆ.)

ಒಂದು ದಿನ ಹೆಂಡತಿ ಫ್ಲೋರಿ ಹೆಣಿಗೆ ಕೆಳಗಿಟ್ಟಳು.

"ರೀ, ಆ ಊರಿಗೇ ಹೋಗೋಣ. ನಿಮ್ಮ ಹೆಸರು ಕೇಳಿ ಯಾರಾದ್ರೂ ಒಬ್ರು ಒಳಗೆ ಕರೆದು ಚಹಾ ಕೊಡ್ಲಿ, ಸಾಯೋವರೆಗೂ ನಿಮ್ಮ ಕಥೆ ಕೇಳ್ತೀನಿ. ಕೊಡ್ಲಿಲ್ವೋ, ಮಕ್ಕಳ ಮುಂದೆ ಮತ್ತೆ ಕಥೆ ಬಿಚ್ಚಬಾರದು."

ಕಥೆ ಹೋದರೆ ಈ ಮುದುಕನ ಹತ್ತಿರ ಮೊಮ್ಮಕ್ಕಳು ಯಾಕೆ ಬಂದಾರು? ಆದರೂ ಒಪ್ಪಿದೆ.

ಆಗಸ್ಟ್ ಕೊನೆಯ ವಾರ ಓಲ್ಡಮ್‌ನಲ್ಲಿ ಬಸ್ಸಿನಿಂದ ಇಳಿದರೆ, ಕನಸಿನೊಳಗೆ ಇಳಿದ ಹಾಗಿತ್ತು. ಎಷ್ಟೊಂದು ಚಿಮಣಿಗಳು, ಒಂದರಲ್ಲೂ ಹೊಗೆಯಿಲ್ಲ. ಆಕಾಶ ಯಾರೋ ಈಗಷ್ಟೇ ಒಗೆದು ಹರವಿದಂತೆ. ಗಿರಣಿಗಳು ಗುಡುಗಬೇಕಾದ ಕಡೆ ಗುಬ್ಬಿಗಳ ಚಿಲಿಪಿಲಿ. ನನ್ನ ಸಾಮ್ರಾಜ್ಯ ನನಗಾಗಿ ಉಸಿರು ಹಿಡಿದು ನಿಂತಿದೆ ಎಂದುಕೊಂಡು ತೇಲುತ್ತ ನಡೆದೆ, ಹಿಂದೆ ಫ್ಲೋರಿ. ಹನ್ನೊಂದು ಬಾಗಿಲು ತಟ್ಟಿದೆ. ಒಂದೂ ತೆರೆಯಲಿಲ್ಲ.

ಹನ್ನೆರಡನೆಯ ಮನೆಯ ಮುಂದೆ ಒಬ್ಬ ಮುದುಕಿ ಮಂಡಿಯೂರಿ, ಸುಣ್ಣದಂಥ ಕಲ್ಲಿನಿಂದ ಉಜ್ಜಿ ಬಾಗಿಲ ಮೆಟ್ಟಿಲಿಗೆ ಬಿಳಿ ಬಳಿಯುತ್ತಿದ್ದಳು. ಟೋಪಿ ತೆಗೆದೆ.

"ಅಮ್ಮಾ, ನನ್ನ ಮನೆತನದ ಹೆಸರು ಓಲ್ಡಮ್."

"ಇರ್ಲಿ ಬಿಡಪ್ಪ, ಅದಕ್ಕೆ ನೀನೇನು ಮಾಡ್ತೀಯ."

"ಊರೋರೆಲ್ಲ ಎಲ್ಲಿ?"

"ಗಿರಣಿ ರಜೆ ವಾರ ಅಲ್ವಾ? ಊರಿಗೆ ಊರೇ ಬ್ಲ್ಯಾಕ್‌ಪೂಲ್ ಸಮುದ್ರಕ್ಕೆ ಹೋಗಿದೆ. ಕಾಲುನೋವು ಅಂತ ನಾನೊಬ್ಳು ಉಳಿದೆ."

ಐವತ್ತು ವರ್ಷ ಗಿರಣಿಯಲ್ಲಿ ದುಡಿದವನು ನಾನು. ನಮ್ಮೂರಿನ ರಜೆ ಜುಲೈನಲ್ಲಿ. ಒಂದೊಂದು ಊರಿಗೂ ಅದರದೇ ವಾರ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ನನಗೆ ಮಾತ್ರ ಹೊಳೆದಿರಲಿಲ್ಲ.

"ಬ್ಲ್ಯಾಕ್‌ಪೂಲಿಗೆ ಹೋಗಿದ್ರೆ ನಿಮ್ಮ ಪ್ರಜೆಗಳೆಲ್ಲ ಒಂದೇ ಕಡೆ ಸಿಗ್ತಿದ್ರಲ್ರೀ," ಎಂದಳು ಫ್ಲೋರಿ.

ಮುದುಕಿ ತಲೆಯೆತ್ತಿ ಅವಳನ್ನೇ ನೋಡಿದಳು. "ಈ ಮೂಗು ಎಲ್ಲೋ ನೋಡಿದೀನಿ. ತವರಿನ ಹೆಸರೇನಮ್ಮ?"

"ಕ್ಲೆಗ್."

"ನಮ್ಮಮ್ಮನೂ ಕ್ಲೆಗ್ ಕಣೇ. ಬಾ ಒಳಗೆ. ಮೆಟ್ಟಿಲು ತುಳೀಬೇಡ, ದಾಟು."

ಎರಡು ಗಂಟೆ ಕ್ಲೆಗ್ ಪುರಾಣ ನಡೆಯಿತು. ನನಗೂ ಚಹಾ ಬಂತು, ಕ್ಲೆಗ್ ಮನೆಯ ಅಳಿಯ ಎಂಬ ಮರ್ಯಾದೆಗೆ. ಅದು ಲೆಕ್ಕಕ್ಕಿಲ್ಲ ಎಂದು ಫ್ಲೋರಿ ಬಸ್ಸಿನಲ್ಲೇ ತೀರ್ಪು ಕೊಟ್ಟಳು.

ಈಗ ಸಂಜೆಯಾದರೆ ಮೊಮ್ಮಕ್ಕಳು ಅವಳ ಸುತ್ತ ಕೂರುತ್ತಾರೆ. ನಿನ್ನೆಯ ಕಥೆಯಲ್ಲಿ ಕ್ಲೆಗ್ ಮೂಲಪುರುಷ ಓಲ್ಡಮ್ ಬೆಟ್ಟವನ್ನು ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದ. ಅರ್ಧ ದಾರಿಯಲ್ಲಿ ಬುಟ್ಟಿಯ ತಳ ಕಿತ್ತುಹೋಯಿತು. ಫ್ಲೋರಿ ಅಲ್ಲಿಗೆ ನಿಲ್ಲಿಸಿ ಹೆಣಿಗೆ ಎತ್ತಿಕೊಂಡಳು. ಮೂಲೆಯಲ್ಲಿ ಕುಳಿತಿದ್ದ ನನಗೆ ತಡೆಯಲಾಗಲಿಲ್ಲ.

"ಆಮೇಲೆ ಏನಾಯ್ತೇ?" ಎಂದೆ.