ನಿಂಬೆಹಣ್ಣು ದಾಟದ ಕಾರು

ಮನೆಯಲ್ಲೇ ಕಾರು ಕಟ್ಟುವವಳಿಗೆ ಬೇರೆ ಮನರಂಜನೆ ಬೇಕಿಲ್ಲ. ಗ್ಯಾರೇಜಿನ ಬಾಗಿಲು ಎತ್ತಿದರೆ ಸಾಕು, ಯಾರಾದರೂ ಬಂದು ಒದಗಿಸಿ ಹೋಗುತ್ತಾರೆ.

ವೆಸ್ಟ್‌ಮಂಟ್‌ನ ನಮ್ಮ ಗ್ಯಾರೇಜಿನಲ್ಲಿ ನಾನು ಮೂರು ಚಕ್ರದ, ಒಬ್ಬರೇ ಕೂರುವ ಕಾರು ಕಟ್ಟಿದೆ. ಹಳೇ ಮೋಟಾರ್‌ಸೈಕಲ್ಲಿನ ಎಂಜಿನ್, ಮೀನಿನಂಥ ಮೈ. ತೊಟ್ಟು ಪೆಟ್ರೋಲಿನಲ್ಲಿ ಬಹುದೂರ ಹೋಗಬೇಕು, ಅದೇ ನನ್ನ ಹಟ. ಗಂಡನದೊಂದು ಕರಾರಿತ್ತು. ನಡುವಿನ ಇಂಡಿಯಾನಾ ರಾಜ್ಯ ದಾಟಿ, ಮಿಷಿಗನ್‌ನ ವಾರೆನ್‌ನಲ್ಲಿರುವ ನನ್ನ ತಂಗಿಯ ಮನೆಗೆ ಅದರ ಪುಟ್ಟ ಟ್ಯಾಂಕನ್ನು ಮತ್ತೆ ತುಂಬಿಸದೆ ತಲುಪಬೇಕು. ಇಲ್ಲದಿದ್ದರೆ ಅದನ್ನು ಬಿಚ್ಚಿ ಗ್ಯಾರೇಜು ಖಾಲಿ ಮಾಡಬೇಕು. ಹೊರಗೆ ನಿಲ್ಲಿಸಿದ ಕಾರಿನ ಹಿಮ ಕೆರೆದು ಅವರಿಗೂ ಸಾಕಾಗಿತ್ತು.

ಕಟ್ಟಿದವರು ಯಾರು

ಬಂದವರೆಲ್ಲ ನನ್ನ ಕೈಯ ಗ್ರೀಸು ನೋಡಿಯೂ ಪ್ರಶ್ನೆಯನ್ನು ಗಂಡನಿಗೇ ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಸ್ಸಿನಷ್ಟು ದೊಡ್ಡ ಗಾಡಿ ಇಟ್ಟುಕೊಂಡಿರುವ ಪಕ್ಕದ ಮನೆ ಅಂಕಲ್ ಕೂಡ, "ಮೈಲೇಜ್ ಎಷ್ಟಪ್ಪಾ?" ಎಂದು ಅವರನ್ನೇ ಕೇಳಿದರು.

"ಅವಳನ್ನ ಕೇಳಿ ಅಂಕಲ್."

"ಮತ್ತೆ ನೀನೇನು ಮಾಡಿದೆ?"

"ಕಾಫಿ," ಎಂದರು ನನ್ನ ಗಂಡ.

ದೇವರ ತೂಕ

ಅಂಕಲ್ ಮನೆಯ ಆಂಟಿ ಕಾರಿಗೆಂದು ಹಿತ್ತಾಳೆ ಗಣಪತಿ ತಂದುಕೊಟ್ಟರು. ನಾನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ.

"ಅಯ್ಯೋ, ದೇವರನ್ನ ತೂಗ್ತೀಯಾ?"

"ಆಂಟಿ, ಬಾಗಿಲು ತೂಗಿದೀನಿ, ಸೀಟು ತೂಗಿದೀನಿ, ನನ್ನನ್ನೂ ತೂಗ್ಕೊಂಡಿದೀನಿ. ಇವನೊಬ್ಬನಿಗೆ ಯಾಕೆ ವಿನಾಯಿತಿ?"

ಕೊನೆಗೆ ಯಾರದೋ ಮದುವೆ ಕಾಗದದ ಗಣಪತಿಯನ್ನು ಕತ್ತರಿಸಿ ಅಂಟಿಸಿದೆ. ವಿಘ್ನ ಕಳೆಯಲು ಅಷ್ಟು ಭಾರ ಇರಲೇಬೇಕೆಂದು ಎಲ್ಲೂ ಬರೆದಿಲ್ಲ.

ಪೂಜೆ

ಹೊರಡುವ ದಿನ ಪುರೋಹಿತರು ಮೂರು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು, "ಹೂಂ, ಬಿಡಮ್ಮ" ಎಂದರು. ಪೆಟ್ರೋಲ್ ಉಳಿಸಲೆಂದೇ ನಾನು ಗೇರು ಹೊಂದಿಸಿದ್ದೆ, ಹೊರಡುವಾಗ ಅದಕ್ಕೆ ಬಲ ಸಾಲದು. ಕಾರು ನಿಂಬೆಹಣ್ಣಿಗೆ ತಾಗಿ ನಡುಗಿ ಆಫ್ ಆಯಿತು. ಮತ್ತೆ ಬಿಟ್ಟೆ, ಮತ್ತೆ ಆಫ್.

"ನಿಂಬೆಹಣ್ಣು ದಾಟದೇ ಇರೋದು ಇಂಡಿಯಾನಾ ದಾಟತ್ತಾ?" ಎಂದರು ಅಂಕಲ್. ಎಲ್ಲರೂ ನಕ್ಕರು. ಪುರೋಹಿತರೂ ನಕ್ಕರು.

ನಾನು ಇಳಿದು ಮೂರೂ ಹಣ್ಣು ಎತ್ತಿ ಜೇಬಿಗೆ ಹಾಕಿಕೊಂಡೆ.

"ಅಮ್ಮಾ, ಅದು ಒಡೀಬೇಕು, ದೃಷ್ಟಿ ಹೋಗಬೇಕಲ್ಲ," ಎಂದರು ಪುರೋಹಿತರು.

"ವಾರೆನ್‌ನಲ್ಲಿ ಒಡೆಸ್ತೀನಿ ಸ್ವಾಮಿ," ಎಂದೆ.

ವಾರೆನ್

"ದಾರೀಲಿ ನಿಂತ್ರೆ ಎತ್ತಿ ಹಾಕ್ಕೊಂಡು ಬರೋಕೆ ನಾನಿರ್ತೀನಿ," ಎಂದು ಅಂಕಲ್ ನನ್ನ ಗಂಡನನ್ನು ಕೂರಿಸಿಕೊಂಡು ಹಿಂದೆಯೇ ಹೊರಟರು. ಲಾರಿಗಳು ಪಕ್ಕದಲ್ಲಿ ಹೋದಾಗಲೆಲ್ಲ ನನ್ನ ಕಾರು ಒಂದು ಕಡೆ ವಾಲುತ್ತಿತ್ತು. ಹೆದರಿಕೆ ಆಯಿತು, ಆದರೆ ನಿಲ್ಲಿಸಲಿಲ್ಲ. ಇಂಡಿಯಾನಾ ದಾಟಿತು. ಮಿಷಿಗನ್ ನಡುವೆ ಎಲ್ಲೋ ಕನ್ನಡಿಯಲ್ಲಿ ಅಂಕಲ್ ಗಾಡಿ ಕಾಣದಾಯಿತು.

ನಾನು ತಂಗಿಯ ಮನೆ ತಲುಪಿದಾಗ ಟ್ಯಾಂಕಿನಲ್ಲಿ ಇನ್ನೂ ಪೆಟ್ರೋಲ್ ಇತ್ತು. ಕೈಕಾಲು ತೊಳೆದು ಉಪ್ಪಿಟ್ಟು ತಿಂದು ಮುಗಿಸಿದ ಮೇಲೆ ಅಂಕಲ್ ಗಾಡಿ ಬಂತು. ನನ್ನ ಗಂಡ ಇಳಿದವರೇ ನಗು ತಡೆಯಲಾರದೆ ಹೇಳಿದರು: "ಹೈವೇ ಎಕ್ಸಿಟ್ ಹತ್ರ ಅಂಕಲ್ ಗಾಡಿ ಪೆಟ್ರೋಲ್ ಖಾಲಿಯಾಗಿ ನಿಂತೋಯ್ತು ಕಣೆ. ಕ್ಯಾನ್ ಹಿಡ್ಕೊಂಡು ನಾನೇ ನಡೆದೆ. ಗ್ಯಾರೇಜು ನಿಂದೇ ಇಟ್ಕೋ."

ಅಂಕಲ್ ತಲೆ ತಗ್ಗಿಸಿಕೊಂಡು ನಿಂತಿದ್ದರು. ನಾನು ಜೇಬಿನಿಂದ ಮೂರು ನಿಂಬೆಹಣ್ಣು ತೆಗೆದು ಅವರ ಕೈಗಿಟ್ಟೆ.

"ನಿಮ್ಮ ಟ್ಯಾಂಕಿಗೆ ಯಾರದೋ ದೃಷ್ಟಿ ತಾಗಿದೆ ಅಂಕಲ್. ಚಕ್ರದ ಕೆಳಗೆ ಇಟ್ಕೊಳ್ಳಿ. ನಾಲ್ಕನೇದು ನೀವೇ ತಗೋಬೇಕು, ನನ್ನ ಕಾರಿಗೆ ಮೂರೇ ಸಾಕು."