ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಸಂಸಾರ ಹೂಡಿದ ಕುಂಬಾರ ಕಣಜದವರಿಗೆ

ಹಾಲಿ ವಾಸ: ನನ್ನ ಶೆಡ್ಡಿನ ತಗಡಿನ ಮಾಡು, ಡೂರಾಬಿನ್, ಕ್ವೀನ್ಸ್‌ಲ್ಯಾಂಡ್

ಮಾನ್ಯರೇ,

ತಾವು ಸಪರಿವಾರ ಕ್ಷೇಮವೆಂದು ನಂಬಿ, ತಮ್ಮ ಮಕ್ಕಳೆಲ್ಲ ರೆಕ್ಕೆ ಬಲಿತು ನೆರೆಹೊರೆಯ ಕೊಳವೆಗಳಲ್ಲಿ ಸ್ವಂತ ಮನೆ ಕಟ್ಟಿಕೊಂಡಿರಲೆಂದು ಹಾರೈಸಿ, ಈ ಪತ್ರವನ್ನು ನಮ್ಮ ಹಳೆಯ ಮೋಟಾರ್‌ಸೈಕಲ್ ಸಂಘದ ಪತ್ರಿಕೆಗೆ ಕಳಿಸುತ್ತಿದ್ದೇನೆ. ಖುದ್ದಾಗಿ ತಮ್ಮ ಬಾಗಿಲಿಗೇ ತಂದುಕೊಡಬಹುದಿತ್ತು. ಆದರೆ ಹೋದ ಸಲ ಅಷ್ಟು ಹತ್ತಿರ ಬಂದಾಗ ತಾವು ಮಾಡಿದ ಸ್ವಾಗತದಿಂದ ನನ್ನ ಎಡಗಿವಿ ಇನ್ನೂ ಚೇತರಿಸಿಕೊಂಡಿಲ್ಲ.

ಥೆಲ್ಮಾ ಅವರ ಗಾಡಿಯ ವಿಚಾರ ತಮಗೆ ತಿಳಿದೇ ಇದೆ. ಆ ಒಂಟಿ ಸಿಲಿಂಡರಿನ ಮೋಟಾರ್‌ಸೈಕಲ್ ಮೇಲೆ ಅವರು ಈ ಕಣಿವೆಯ ಸೂಲಗಿತ್ತಿ ನರ್ಸ್ ಆಗಿ ಯೌವನವಿಡೀ ತಿರುಗಿದವರು. ನಮ್ಮ ಸಂಘದ ಅರ್ಧ ಸದಸ್ಯರು ಭೂಮಿಗೆ ಬಿದ್ದ ಗಳಿಗೆಯಲ್ಲಿ ಅಂಗಳದಲ್ಲಿ ಅದರ ಇಂಜಿನ್ ಇನ್ನೂ ಬಿಸಿಯಾಗಿತ್ತು. ಅದನ್ನು ನನ್ನ ವಶಕ್ಕೆ ಕೊಡುವಾಗ ಅವರು ಹೀಗೆಂದರು: "ನೋಡೋ ಲಿಂಡ್ಸೆ, ನನ್ನ ತೊಂಬತ್ತನೇ ಹುಟ್ಟುಹಬ್ಬದ ದಿನ ಇದು ಘಾಟಿ ಹತ್ತಿ ಮೇಲಿನ ಟೀ ಅಂಗಡಿ ಮುಂದೆ ಬಂದು ನಿಲ್ಬೇಕು. ಬಂದ್ರೆ ನಿಂದು. ಬರ್ಲಿಲ್ಲಾಂದ್ರೆ ಮ್ಯೂಸಿಯಮ್ಮಿಗೆ. ಅವ್ರು ಆಯಿಲ್ ಬಸಿದು, ನೆಲಕ್ಕೆ ಬೋಲ್ಟ್ ಹೊಡೆದು, ಪಕ್ಕದಲ್ಲಿ ನಂದೊಂದು ಮೇಣದ ಬೊಂಬೆ ನಿಲ್ಲಿಸ್ತಾರಂತೆ. ಅದನ್ನ ನೋಡೋಕೆ ನಾನು ಬದುಕಿರ್ಬೇಕಾ?"

ನಾನು ಇಂಜಿನ್ ಇಳಿಸಿದೆ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ, ಹೊಸ ಪಿಸ್ಟನ್ನು ಕೂರಿಸಿ, ವಾಲ್ವುಗಳನ್ನು ಕೈಯಲ್ಲೇ ಅರೆದು, ಬೇರಿಂಗ್‌ಗಳನ್ನು ಕೂಸಿಗೆ ಎಣ್ಣೆ ತೀಡುವ ಹಾಗೆ ತೀಡಿ ಜೋಡಿಸಿದೆ. ಧೂಳು ಹೋಗದಂತೆ ಇಂಜಿನ್ನಿನ ಪ್ರತಿ ರಂಧ್ರಕ್ಕೂ ಬಟ್ಟೆ ತುರುಕಿದ್ದ ನಾನು ಟ್ಯಾಂಕಿನ ಮುಚ್ಚಳವೊಂದನ್ನು ಮಾತ್ರ ಕಪಾಟಿನ ಮೇಲೆ ಅಂಗಾತ ಮರೆತಿದ್ದೆ. ಅದರ ಎರಡು ತಗಡುಗಳ ನಡುವಿನ ಸಂದಿಯಲ್ಲಿ, ಹೊರಗಿನಿಂದ ಕಾಣದಂತೆ, ತಾವು ಮನೆ ಕಟ್ಟಿದಿರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಮ್ಮಲ್ಲಿ ವರುಷ ಹಿಡಿದದ್ದು ನನಗೆ, ನಿಮಿಷ ಹಿಡಿದದ್ದು ಕುಂಬಾರರಾದ ತಮಗೆ. ಮುಚ್ಚಳದ ಮೇಲ್ಭಾಗವನ್ನು ನಾನು ಕನ್ನಡಿಯಂತೆ ಉಜ್ಜಿ ಹೊಳೆಯಿಸುತ್ತಿದ್ದಾಗ ಒಳಗೆ ತಾವು ಮೌನವಾಗಿ ಗಿಲಾವು ಮಾಡುತ್ತಿದ್ದಿರೆಂದು ನೆನೆದರೆ, ಒಂದೇ ಸೂರಿನಡಿ ಇಬ್ಬರು ಕುಶಲಕರ್ಮಿಗಳು ಎಷ್ಟು ಸೌಹಾರ್ದದಿಂದ ದುಡಿದೆವೆಂದು ಕಣ್ಣು ತುಂಬಿಬರುತ್ತದೆ.

ಗಾಡಿ ಮೊದಲ ಕಿಕ್ಕಿಗೇ ಹೊತ್ತಿಕೊಂಡಿತು, ಊರು ದಾಟುವ ಮೊದಲೇ ನಿಂತಿತು. ನಿಂತ ಗಾಡಿಯ ಬಳಿ ಬಂದ ಯಾರೇ ಆಗಲಿ ಮೊದಲು ಮುಚ್ಚಳ ತೆಗೆದು, ಒಳಗೆ ಇಣುಕಿ, "ಪೆಟ್ರೋಲ್ ಇದೆ" ಎಂದು ಘೋಷಿಸುವುದು ನಮ್ಮ ಸಂಘದಲ್ಲಿ ಸಂಧ್ಯಾವಂದನೆಯಷ್ಟೇ ಕಡ್ಡಾಯ. ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ತಜ್ಞ ಕ್ಲ್ಯಾರಿ ಹಾಗೆ ಇಣುಕಿ, ಮ್ಯಾಗ್ನೆಟೋ ಕೆರೆದ, ಗಾಡಿ ಓಡಿತು. ಮತ್ತೆ ನಿಂತಿತು. ವಾಲ್ವು ತಜ್ಞ ಡಡ್ಲಿ ಇಣುಕಿ, ವಾಲ್ವು ತಿರುವಿದ. ಗಾಡಿ ಮತ್ತೆ ಓಡಿತು. ಇಬ್ಬರೂ ತಮ್ಮಿಂದಲೇ ಎಂದು ಎದೆಯುಬ್ಬಿಸಿದರು, ನಾನು ಇಬ್ಬರಿಗೂ ಬಿಯರ್ ಕೊಡಿಸಿದೆ, ಮತ್ತು ಇಬ್ಬರ ಮಾತು ಕೇಳಿ ಇಂಜಿನ್ನನ್ನು ಮತ್ತೊಮ್ಮೆ ಪೂರ್ತಿ ಬಿಚ್ಚಿದೆ.

ಹುಟ್ಟುಹಬ್ಬದ ದಿನ ಘಾಟಿಯ ಎರಡನೇ ತಿರುವಿನಲ್ಲೇ ಗಾಡಿ ಕೆಮ್ಮಿ ನಿಂತಿತು. ಹಿಂದಿನಿಂದ ಪಿಕಪ್ಪಿನಲ್ಲಿ ಬರುತ್ತಿದ್ದ ತಜ್ಞರಿಬ್ಬರೂ ಇಳಿದರು. ಕ್ಲ್ಯಾರಿ ಮುಚ್ಚಳ ತೆಗೆದು ಇಣುಕಿದ.

"ಪೆಟ್ರೋಲ್ ಇದೆ. ಇದು ನಿನ್ನ ವಾಲ್ವಿನ ಘನಂದಾರಿ ಕೆಲಸ ಕಣೋ ಡಡ್ಲಿ."

"ಬಾಯ್ಮುಚ್ಚು ಮಾರಾಯ. ನಿನ್ನ ಕಿಡಿಗೆ ಬೀಡಿ ಕೂಡ ಹತ್ತಲ್ಲ."

ಜಗಳದ ಭರದಲ್ಲಿ ಮುಚ್ಚಳ ಕ್ಲ್ಯಾರಿಯ ಜೇಬು ಸೇರಿತು. ಅದನ್ನು ಕೇಳಬೇಕಾದರೆ ಜಗಳ ಮುಗಿಯಬೇಕಿತ್ತು. ಮೇಲೆ ಕೂತಿದ್ದ ಥೆಲ್ಮಾ ಅವರನ್ನು ಆ ವಯಸ್ಸಿನಲ್ಲಿ ಅಷ್ಟು ಹೊತ್ತು ಕಾಯಿಸುವುದು ಸಭ್ಯತೆಯಲ್ಲ. ಟ್ಯಾಂಕಿನ ಬಾಯಿಗೆ ಕರವಸ್ತ್ರ ಸಡಿಲವಾಗಿ ತುರುಕಿ ಕಿಕ್ ಹೊಡೆದೆ. ಪ್ಯಾಂಟಿನ ಮೇಲೆ ಪೆಟ್ರೋಲ್ ತುಳುಕುತ್ತಿದ್ದರೂ ಗಾಡಿ ಒಂದೇ ಉಸಿರಿಗೆ ಘಾಟಿ ಹತ್ತಿ ಟೀ ಅಂಗಡಿಯ ಮುಂದೆ ನಿಂತಿತು. ಮ್ಯೂಸಿಯಮ್ಮಿನ ಕಾರ್ಯದರ್ಶಿ ಅಲ್ಲಿ ಅಳತೆಪಟ್ಟಿ ಹಿಡಿದು ಕೂತಿದ್ದರು.

"ಬಂದ್ಯಾ, ಸದ್ಯ!" ಎಂದರು ಥೆಲ್ಮಾ. "ಬೊಂಬೆಗೆ ಬೇಕು ಅಂತ ಈಯಪ್ಪ ಬೆಳಿಗ್ಗೆಯಿಂದ ನನ್ನ ಸೊಂಟದ ಅಳತೆ ಕೇಳ್ತಾ ಇದ್ದಾನೆ. ಹೆಲ್ಮೆಟ್ ಕೊಡು ಇಲ್ಲಿ, ನಾನು ಹಿಂದೆ ಕೂತ್ಕೋತೀನಿ."

ಮರುದಿನ ಕ್ಲ್ಯಾರಿ ಮುಚ್ಚಳ ಹಿಂತಿರುಗಿಸಿದ. ಅದನ್ನು ಹಾಕಿ ಹೊರಟರೆ ಬೇಕರಿ ದಾಟುವಷ್ಟರಲ್ಲಿ ಗಾಡಿ ನಿಂತಿತು. ಮುಚ್ಚಳ ತಿರುಗಿಸಿದೊಡನೆ ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು. ಪೆಟ್ರೋಲ್ ಕೆಳಗಿಳಿಯಬೇಕಾದರೆ ಮುಚ್ಚಳದ ಸಣ್ಣ ತೂತಿನಿಂದ ಗಾಳಿ ಒಳಗೆ ಹೋಗಬೇಕು. ಆ ತೂತಿಗೆ ತಂತಿ ಚುಚ್ಚಿದಾಗ ಹೊರಬಂದದ್ದು ಗಟ್ಟಿ ಕೆಮ್ಮಣ್ಣು ಮತ್ತು ತಾವು ಮಕ್ಕಳ ಊಟಕ್ಕೆಂದು ಕೂಡಿಟ್ಟ ಜೇಡಗಳು. ನಮ್ಮ ತಜ್ಞರು ಗಾಡಿಯನ್ನು ಗುಣಪಡಿಸಿದ್ದು ಮುಚ್ಚಳ ತೆಗೆದು ಇಣುಕಿ ನೋಡಿದ್ದರಿಂದ ಮಾತ್ರ.

ಆದ್ದರಿಂದ ತಮ್ಮಲ್ಲಿ ವಿನಂತಿ: ಮುಂದಿನ ಸಭೆಗೆ ದಯಮಾಡಿಸಿ, ಸೋರದ ಜೋಡಣೆ ಹೇಗೆಂದು ಸದಸ್ಯರಿಗೆ ಉಪನ್ಯಾಸ ನೀಡಬೇಕು. ನನ್ನ ಗ್ಯಾಸ್ಕೆಟ್‌ಗಳು ಈಗಲೂ ಆಯಿಲ್ ಕಾರುತ್ತಿವೆ. ತಮ್ಮ ಗಿಲಾವಿನಲ್ಲಿ ಗಾಳಿಗೂ ದಾರಿಯಿರಲಿಲ್ಲ. ಜೊತೆಗೆ, ಇನ್ನು ಮುಂದೆ ಮನೆ ಕಟ್ಟುವ ಮುನ್ನ ನಕ್ಷೆಯೊಂದನ್ನು ನನಗೆ ತೋರಿಸುವ ಕೃಪೆ ಮಾಡಬೇಕು.

ತಮ್ಮ ವಿಶ್ವಾಸಿ, ಒಂದೇ ಸೂರಿನ ನೆರೆಯವ,
ಲಿಂಡ್ಸೆ ಹಾಸ್ಕಿಂಗ್

ಮರೆತ ಮಾತು: ಈ ಪತ್ರವನ್ನು ಅಚ್ಚಿಗೆ ಕಳಿಸುವ ಮೊದಲು ಡಡ್ಲಿಗೆ ಓದಿಸಿದೆ. "ಕಣಜ ಗಿಣಜ ಎಲ್ಲ ಸರಿ ಕಣಯ್ಯಾ. ಆದ್ರೆ ಇಷ್ಟು ಚೆನ್ನಾಗಿ ಓಡ್ತಿದೆ ಅಂದ್ರೆ ಒಳಗೆ ಏನೋ ಹೆಚ್ಚುಕಮ್ಮಿ ಆಗಿದೆ. ಬುಧವಾರ ಸ್ಪ್ಯಾನರ್ ತರ್ತೀನಿ, ಬಿಚ್ಚಿ ನೋಡ್ಬಿಡೋಣ," ಎಂದ. ನನ್ನ ಶೆಡ್ಡಿನ ಬೀಗದಲ್ಲಿ ಕೀಲಿ ತೂರಿಸುವ ಕಿಂಡಿ ತಮ್ಮ ಅಳತೆಗೇ ಹೇಳಿ ಮಾಡಿಸಿದಂತಿದೆ. ಮಂಗಳವಾರ ಸಂಜೆಯೊಳಗೆ ತಮ್ಮ ಗೃಹಪ್ರವೇಶವಾದರೆ ನಾನು ಬಾಡಿಗೆ ಕೇಳುವುದಿಲ್ಲ.