ಮಾತು ಬಿಟ್ಟವರು ಕರೆಂಟ್ ಗಾಡಿ ಕೊಳ್ಳಬಾರದು

ಮನುಷ್ಯನಿಗೆ ಸಿಟ್ಟು ಎಷ್ಟು ಕಾಲ ಇರಬೇಕೆಂಬುದು ಅವನವನ ಗುಣಕ್ಕೆ ಬಿಟ್ಟದ್ದು ಎಂದು ನಾನು ಬಹಳ ವರ್ಷ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ಅದು ಅವನ ಗಾಡಿಗೆ ಬಿಟ್ಟದ್ದು. ಡೀಸೆಲ್ ಜೀಪು ಇದ್ದಷ್ಟು ದಿನ ನಾನು ಮಹಾ ಸ್ವಾಭಿಮಾನಿಯಾಗಿದ್ದೆ. ಆಗದವರ ಊರು ಬಂದರೆ ಮುಖ ಬಿಗಿದುಕೊಂಡು, ಅವರ ಮನೆಯ ಮುಂದೆ ಬೇಕೆಂದೇ ಒಂದಿಷ್ಟು ಕರಿ ಹೊಗೆ ಬಿಟ್ಟು ಮುಂದೆ ಹೋಗುತ್ತಿದ್ದೆ. ಆ ಜೀಪು ಮಾರಿ ಕರೆಂಟಿನ ಕಾರು ತಂದ ಮೇಲೆ ಹೊಗೆಯೂ ಹೋಯಿತು, ಸ್ವಾಭಿಮಾನವೂ ಹೋಯಿತು. ಹೇಗೆಂದು ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳಿದರೆ ನೀವು ಇನ್ನೂ ಹೆಚ್ಚು ನಗುತ್ತೀರಿ.

ನನ್ನದು ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ. ಬಟ್ಟೆ ವ್ಯಾಪಾರದವನಿಗೆ ಒಂದು ದುರಭ್ಯಾಸವಿರುತ್ತದೆ; ಯಾವ ಬಟ್ಟೆ ಸಿಕ್ಕರೂ ಕೈ ತಾನಾಗಿಯೇ ಮೊಳ ಹಾಕಿಬಿಡುತ್ತದೆ. ಮಲ್ದಕಲ್‌ನಲ್ಲಿ ನನ್ನ ಹೆಂಡತಿಯ ತಮ್ಮ ಮಲ್ಲಣ್ಣ ಮಗಳ ಮದುವೆ ಮಾಡಿದಾಗ ನನಗೆ ಆಯೇರಿ ಕೊಟ್ಟ. ನಮ್ಮ ಕಡೆ ಮದುವೆಯಲ್ಲಿ ನೆಂಟರಿಗೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದಕ್ಕೆ ಆಯೇರಿ ಅನ್ನುತ್ತಾರೆ. ಬೇರೆಯವರಿಗೆಲ್ಲ ಧೋತರ, ಶಲ್ಯ. ಅಕ್ಕನ ಗಂಡನಾದ ನನಗೆ ಒಂದು ಟವೆಲ್ಲು. ಅದನ್ನಾದರೂ ಸಹಿಸುತ್ತಿದ್ದೆನೇನೋ. ಆದರೆ ಕೈ ಸುಮ್ಮನಿರಲಿಲ್ಲ, ಮಂಟಪದಲ್ಲಿಯೇ ಮೊಳ ಹಾಕಿತು. ಟವೆಲ್ಲು ಅಳತೆಗೂ ಕಡಿಮೆ! ಗಡಿಬಿಡಿಯಲ್ಲಿ ಬಟ್ಟೆಯ ಗಂಟು ಅದಲುಬದಲಾಗಿದೆ ಎಂದು ಮಲ್ಲಣ್ಣ ಬೇಡಿಕೊಂಡ. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. "ಇನ್ನ ಮ್ಯಾಲೆ ನಿನ್ನ ಹೊಸ್ತಿಲಾ ತುಳಿಯೂದಿಲ್ಲ" ಎಂದು ನಾಲ್ಕು ಜನರ ಮುಂದೆ ಅಂದುಬಿಟ್ಟೆ. ಅಂದ ಮೇಲೆ ಮುಗಿಯಿತಲ್ಲ. ಅಂದಿನಿಂದ ನನ್ನ ಹೆಂಡತಿ ಶಂಕ್ರಮ್ಮ ತವರಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. "ಮನ್ಯಾವ್ರು ಬರಲಿಲ್ಲೇನು?" ಎಂದು ಅಲ್ಲಿ ಎಲ್ಲರೂ ಕೇಳುವುದು, "ಅಂಗಡ್ಯಾಗ ಗಿರಾಕಿ ಭಾಳ ಅದಾರ" ಎಂದು ಇವಳು ಹೇಳುವುದು. ನನ್ನ ಅಂಗಡಿಯಲ್ಲಿ ಅಷ್ಟು ಗಿರಾಕಿಗಳಿದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಗದ್ವಾಲಿನ ಕೋಟೆಯನ್ನೇ ಕೊಂಡುಕೊಳ್ಳುತ್ತಿದ್ದೆ.

ಇರಲಿ, ಗಾಡಿಯ ಮಾತಿಗೆ ಬರೋಣ. ಫೋನಿನಲ್ಲಿ ಯಾರೋ ಪರದೇಶದ ಗಂಡಹೆಂಡಿರು ಕಾರಿನ ಹಿಂದೆ ಪುಟ್ಟ ಮನೆಯೊಂದನ್ನು ಕಟ್ಟಿಕೊಂಡು ಊರೂರು ಸುತ್ತುವುದನ್ನು ನೋಡಿದೆ. ಕಾರವಾನ್ ಅನ್ನುತ್ತಾರಂತೆ. ಯಾರ ಮನೆಗೂ ಹೋಗಬೇಕಿಲ್ಲ, ಯಾರ ಋಣದಲ್ಲೂ ಬೀಳಬೇಕಿಲ್ಲ, ಎಲ್ಲಿ ಬೇಕೋ ಅಲ್ಲಿ ಅನ್ನ ಬೇಯಿಸಿಕೊಂಡು ಮಲಗಬಹುದು. ನೆಂಟರ ಜೊತೆ ಜಗಳವಾಡಿಕೊಂಡವನಿಗೆ ಇದಕ್ಕಿಂತ ಚೆಂದದ ಪ್ರವಾಸ ಯಾವುದಿದೆ? ಕರೆಂಟ್ ಕಾರಂತೂ ಬಂದಿತ್ತು. ತೆಲಂಗಾಣ ಆದ ಮೇಲೆ ನಮ್ಮ ಕಡೆ ಕರೆಂಟು ಹೋಗುವುದು ಕಡಿಮೆಯಾಗಿದೆ ಎಂಬ ಧೈರ್ಯವೂ ಇತ್ತು. ಹಿಂದೆ ಎಲ್ಲ ಒಂದೇ ಜಿಲ್ಲೆಯಾಗಿದ್ದಾಗ ಗದ್ವಾಲಿಗೆ ಹೋದರೆ ಯಾರೂ ಪ್ರವಾಸ ಅನ್ನುತ್ತಿರಲಿಲ್ಲ. ಈಗ ಬೇರೆ ಜಿಲ್ಲೆ, ಹೋಗಿಬಂದೆನೆಂದು ಹೇಳಿಕೊಳ್ಳುವುದಕ್ಕೆ ತೂಕವಿದೆ. ಆಲಂಪುರದವರೆಗೆ ಹೋಗಿ ತುಂಗಭದ್ರೆಯ ದಂಡೆಯಲ್ಲಿ ಮಲಗುವುದೆಂದು ನಿಶ್ಚಯಿಸಿದೆ. ದಾರಿ ಮಲ್ದಕಲ್ ಮೇಲೆ ಹಾಯುತ್ತದೆ ಎಂಬುದು ನನಗೆ ಗೊತ್ತಿತ್ತು. ಹಾಯ್ದರೆ ಹಾಯಲಿ, ನಿಲ್ಲುವವರು ಯಾರು?

ಮನೆ ಕಟ್ಟುವ ಕೆಲಸವನ್ನು ಮಕ್ತಲ್‌ನ ವೆಲ್ಡಿಂಗ್ ಅಂಗಡಿಯವನಿಗೆ ಒಪ್ಪಿಸಿದೆ. ಅವನು ಹುಟ್ಟಾ ಟ್ರಾಕ್ಟರ್ ಟ್ರಾಲಿ ಮಾಡಿದವನು. ಫೋನಿನಲ್ಲಿದ್ದ ಚಿತ್ರ ನೋಡಿ "ಆತು ಬಿಡ್ರಿ ಶಾವ್ಕಾರ್ರ, ನಮ್ಮ ಟ್ರಾಲೀಗಿ ಮನಿ ಹೊಚ್ಚಿದ್ರ ಇದಽ ಆಗ್ತೈತಿ" ಎಂದ. ಹಾಗೆಯೇ ಮಾಡಿದ. ಕೆಳಗೆ ಟ್ರಾಲಿಯ ಚಾಸಿ, ಮೇಲೆ ದಪ್ಪ ತಗಡು, ಒಳಗೆ ಕಬ್ಬಿಣದ ಮಂಚ. ಅಲುಗಾಡಿಸಿ ನೋಡಿ ನನಗೂ ಹೆಮ್ಮೆಯಾಯಿತು. "ಇದ್ರ ಮ್ಯಾಲೆ ಎಷ್ಟ ಚೀಲ ಜ್ವಾಳಾ ಹೇರಿದ್ರೂ ಏನೂ ಆಗಂಗಿಲ್ರಿ" ಎಂದು ಅವನು ತಟ್ಟಿ ತೋರಿಸಿದ. ಜೋಳವಲ್ಲಪ್ಪ, ಹೆಂಡತಿ ಮಲಗುತ್ತಾಳೆ ಎಂದೆ. ಜೊತೆಗೆ ಬಂದಿದ್ದ ಶಂಕ್ರಮ್ಮ ನನ್ನನ್ನು ನೋಡಿದ ನೋಟದಲ್ಲಿ ಪ್ರವಾಸ ಅಲ್ಲಿಯೇ ಮುಗಿಯಬೇಕಿತ್ತು.

ಭಾರ ಎಳೆದರೆ ಎತ್ತು ಬೇಗ ದಣಿಯುತ್ತದೆ ಎಂದು ತಿಳಿದ ನಮ್ಮ ಕಡೆಯವನಿಗೆ ಬ್ಯಾಟರಿಯೂ ಹಾಗೆಯೇ ಎಂದು ಯಾಕೆ ಹೊಳೆಯಲಿಲ್ಲವೋ! ಕೃಷ್ಣೆ ದಾಟುವ ಹೊತ್ತಿಗೆ ಅರ್ಧ ಚಾರ್ಜು ಖರ್ಚಾಗಿ ನಮ್ಮ ಜಿಲ್ಲೆಯಲ್ಲಿಯೇ ಉಳಿದುಬಿಟ್ಟಿತ್ತು. ಗದ್ವಾಲಿನಲ್ಲಿ ಚಾರ್ಜಿಂಗ್ ಜಾಗವಿತ್ತು. ಆದರೆ ಅದನ್ನು ಕಟ್ಟಿದವರು ಕಾರು ಒಂಟಿಯಾಗಿ ಬರುತ್ತದೆಂದು ತಿಳಿದಿದ್ದರು, ಮನೆ ಸಮೇತ ಬರುತ್ತದೆಂದಲ್ಲ. ಒಳಗೆ ಹೋಗಬೇಕಾದರೆ ಟ್ರಾಲಿ ಬಿಚ್ಚಬೇಕು. ಮಕ್ತಲ್‌ನವನ ಕೊಂಡಿ ಬಿಚ್ಚಲು ಮಕ್ತಲ್‌ನವನೇ ಬೇಕು. ನಾನು ಸುತ್ತಿಗೆ ಹಿಡಿದು ಒದ್ದಾಡುತ್ತಿದ್ದಾಗ ದಾರಿಹೋಕರಿಬ್ಬರು ಬಂದು ತೆಲುಗಿನಲ್ಲಿ "ಟಿಫಿನ್ ಏಮುಂದಿ ಸಾರ್?" ಎಂದು ತಿಂಡಿ ಕೇಳಿದರು. ಇದು ದೋಸೆ ಬಂಡಿಯಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿತು. "ಇದ್ದ ಚಾರ್ಜ್ ಸಾಕಾಗ್ತೈತಿ, ನಡಿ" ಎಂದು ಹೊರಟೇಬಿಟ್ಟೆ. ಶಂಕ್ರಮ್ಮ ಏನೂ ಅನ್ನಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿ ಏನೂ ಅನ್ನದಿದ್ದಾಗ ಹೆದರಬೇಕೆಂಬ ಬುದ್ಧಿ ಇರಬೇಕಿತ್ತು.

ಮಲ್ದಕಲ್ ಊರ ಬಾಗಿಲಿಗೆ ಬಂದಾಗ ಬ್ಯಾಟರಿಯ ಗುರುತು ಕೆಂಪಗಾಗಿ ಮಿಣುಕತೊಡಗಿತು. ಕಾರು ಆಮೆಯಾಯಿತು. ಊರಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಮನೆ, ಆ ಮನೆಯಲ್ಲಿ ಗೊತ್ತಿದ್ದದ್ದು ಒಂದೇ ಹೊಸ್ತಿಲು. ಮುಂದಿನದನ್ನು ನಾನು ಮಾಡಲಿಲ್ಲ, ಕಾರೇ ಮಾಡಿತು ಎಂದು ಹೇಳಿಕೊಳ್ಳುತ್ತೇನೆ. ಅದು ಸರಿಯಾಗಿ ಮಲ್ಲಣ್ಣನ ಕಟ್ಟೆಯ ಮುಂದೆ ನಿಂತಿತು. ಶಂಕ್ರಮ್ಮ ಇಳಿದು ಸರಸರನೆ ಒಳಗೆ ಹೋದಳು. ನಾನು ಟ್ರಾಲಿಯ ಮನೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಮಲ್ಲಣ್ಣನೇ ಉದ್ದನೆಯ ವೈರನ್ನು ಹಿಡಿದು ಬಂದು, ಒಳಮನೆಯ ಪ್ಲಗ್ಗಿನಿಂದ ಹೊಸ್ತಿಲು ದಾಟಿಸಿ ಕಾರಿಗೆ ಜೋಡಿಸಿದ. ಕಿಟಕಿಯಲ್ಲಿ ನನ್ನ ಮುಖ ಕಂಡರೂ ನಗಲಿಲ್ಲ, ಅಷ್ಟು ಒಳ್ಳೆಯವನು. ನಾನು ಒಳಗೆ ಕೂತು ನ್ಯಾಯ ಹುಡುಕತೊಡಗಿದೆ. ಹೊಸ್ತಿಲು ದಾಟಿದ್ದು ವೈರು, ನಾನಲ್ಲ. ಅದೂ ಹೊರಕ್ಕೆ ದಾಟಿದ್ದು, ಒಳಕ್ಕಲ್ಲ. ಇನ್ನು ಕರೆಂಟು ಸರ್ಕಾರದ್ದು, ಮಲ್ಲಣ್ಣನದಲ್ಲ. ಹೀಗೆ ವಾದ ಗಟ್ಟಿಯಾಗುತ್ತಿದ್ದಂತೆ ತಗಡಿನ ಮನೆ ಕಾದು ಹೆಂಚಾಯಿತು. ಹೊರಗಿನಿಂದ ಪುಂಡಿಪಲ್ಯದ ವಾಸನೆ, ಬಿಸಿ ರೊಟ್ಟಿ ಬಡಿಯುವ ಸದ್ದು.

ಮಲ್ಲಣ್ಣ ಕಿಟಕಿಯ ಹತ್ತಿರ ಬಂದ. "ಭಾವಾರ, ಊಟಕ್ಕ ಏಳ್ರಿ."

"ನಂದು ಊಟಾ ಆಗೇತಿ."

"ನಿಮ್ಮ ಗಾಡಿ ಆಗಳಿಂದ ನಮ್ಮನ್ಯಾಗ ಉಣ್ಣಾಕತ್ತೈತ್ರಿ. ನೀವೊಬ್ರಽ ಯಾಕ ಉಪಾಸ?"

ನಾನು ಕಿಟಕಿ ಮುಚ್ಚಿದೆ. ಇನ್ನಷ್ಟು ಸೆಕೆಯಾಯಿತು. ಆಗಲೇ, ಚಾರ್ಜಾಗುತ್ತಿದೆ ಎಂದು ತಗಡಿನ ಸಂದಿಯಿಂದ ಕಾಣುತ್ತಿದ್ದ ಕಾರಿನ ಹಸಿರು ದೀಪ ಆರಿಹೋಯಿತು. ಫ್ಯೂಸ್ ಹೋಯಿತೋ, ವೈರು ಸುಟ್ಟಿತೋ, ಬ್ಯಾಟರಿಗೇ ಏನಾದರೂ ಆಯಿತೋ ಎಂದು ಬರಿಗಾಲಲ್ಲಿ ಜಿಗಿದು, ವೈರಿನ ಗುಂಟ ಓಡಿದೆ. ಪಡಸಾಲೆ ದಾಟಿ ಒಳಮನೆಗೆ ಹೋದರೆ ಅಲ್ಲಿ ಫ್ಯಾನು ತಣ್ಣಗೆ ತಿರುಗುತ್ತಿತ್ತು. ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ನಿಂತವಳು ಶಂಕ್ರಮ್ಮ.

"ನಾ ಇಷ್ಟ ವರ್ಷ ಕರದೆ, ಬರಲಿಲ್ರಿ," ಎಂದಳು. "ಗಾಡಿ ಒಂದ್ಸಲ ಕಣ್ಣ ಮುಚ್ಚಿದ್ದಕ್ಕ ಓಡಿ ಬಂದ್ರಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಬಸ್ಸಿನಲ್ಲಿ ಒಬ್ಬಳೇ ಬಂದು, ಇಲ್ಲದ ಗಿರಾಕಿಗಳ ಲೆಕ್ಕ ಹೇಳಿ ನನ್ನ ಮಾನ ಕಾಯ್ದವಳು ಅವಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಹೊಸ್ತಿಲ ಕಡೆ ತಿರುಗಿ ನೋಡಿದೆ. ಅದು ನನ್ನ ಹಿಂದೆ ಬಹಳ ದೂರ ಉಳಿದಿತ್ತು. ಮಲ್ಲಣ್ಣನ ಹೆಂಡತಿ ಗೌರಮ್ಮ ಚೊಂಬಿನಲ್ಲಿ ನೀರು ತಂದು, ನಾನು ನಿನ್ನೆಯಷ್ಟೇ ಬಂದು ಹೋದವನೆಂಬಂತೆ, "ಕೈಕಾಲ ತೊಳ್ಕೋರಿ ಅಣ್ಣಾರ, ರೊಟ್ಟಿ ಆರ್ತಾವು" ಎಂದಳು. ತೊಳೆದುಕೊಂಡು ಕೂತೆ. ನಾನು ಮೊದಲ ತುತ್ತು ನುಂಗಿದ ಮೇಲೆಯೇ ಶಂಕ್ರಮ್ಮ ಸ್ವಿಚ್ಚು ಹಾಕಿದ್ದು. ಮನೆಯ ಪ್ಲಗ್ಗಿನಲ್ಲಿ ಅಷ್ಟು ಬ್ಯಾಟರಿ ತುಂಬಲು ಮರುದಿನದವರೆಗೆ ಬೇಕಾಯಿತು. ನಾವು ಅವರ ಪಡಸಾಲೆಯಲ್ಲಿ ಮಲಗಿದೆವು, ಕಾರವಾನ್ ಹೊರಗೆ ಒಂದೇ ಮಲಗಿತು. ತುಂಗಭದ್ರೆ ಹಾಗೆಯೇ ಉಳಿಯಿತು.

ಈಗ ಅಂಗಡಿಗೆ ಬಂದವರು, ಡೀಸೆಲ್ ಹೋಗಿ ಎಲ್ಲ ಕರೆಂಟಾದರೆ ಇಂಥ ಮನೆಗಾಡಿಗಳ ಗತಿ ಏನೆಂದು ನನ್ನನ್ನು ದೊಡ್ಡ ಪಂಡಿತನೆಂದು ತಿಳಿದು ಕೇಳುತ್ತಾರೆ. ಗಾಡಿಗಳಿಗೆ ಏನೂ ಆಗುವುದಿಲ್ಲ, ಹಗೆಗಳ ಗತಿ ಕಷ್ಟ ಎನ್ನುತ್ತೇನೆ. ಡೀಸೆಲ್ ತುಂಬಿಸಿಕೊಂಡವನು ಯಾರನ್ನೂ ಮಾತಾಡಿಸದೆ ದೇಶ ಸುತ್ತಬಹುದಿತ್ತು. ಇನ್ನು ಮುಂದೆ ಹೊರಡುವ ಮೊದಲು ಬ್ಯಾಟರಿ ಎಷ್ಟು ದೂರ ಬರುತ್ತದೆ ಎಂದು ನೋಡಿದರೆ ಸಾಲದು, ಅಷ್ಟು ದೂರದಲ್ಲಿ ನಮ್ಮ ಜೊತೆ ಮಾತಾಡುವವರು ಯಾರಿದ್ದಾರೆ ಎಂದೂ ನೋಡಿಕೊಳ್ಳಬೇಕು. ಈ ಜ್ಞಾನ ಬಂದದ್ದೇ, ಆಲಂಪುರದ ದಾರಿಯಲ್ಲಿ ಮುಂದೆ ಸಿಗುವ ಮಾನೋಪಾಡು ನೆನಪಾಯಿತು. ಅಲ್ಲಿ ನನ್ನ ಚಿಕ್ಕಪ್ಪನ ಮಗನಿದ್ದಾನೆ. ಯಾವುದೋ ಬೇವಿನ ಮರದ ತಕರಾರಿನಲ್ಲಿ ಮಾತು ಬಿಟ್ಟು ಎಷ್ಟೋ ಕಾಲವಾಗಿದೆ. ಮೊನ್ನೆ ಮನಸ್ಸು ದೊಡ್ಡದು ಮಾಡಿಕೊಂಡು ನಾನೇ ಫೋನ್ ಮಾಡಿದೆ. ರಕ್ತಸಂಬಂಧ ದೊಡ್ಡದು, ಮರ ಸಣ್ಣದು, ಹಳೆಯದನ್ನೆಲ್ಲ ಮರೆಯೋಣ ಎಂದು ನಾನೇ ಮೆಚ್ಚಿಕೊಳ್ಳುವಂತೆ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ ಕೇಳಿದ: "ಕರೆಂಟ್ ಗಾಡಿ ತಗೊಂಡೀಯೇನು?"